ಹಿತ್ತಲ ಗಿಡವೆಲ್ಲ ಮದ್ದಲ್ಲ

ಚಳಿಗಾಲದ ಒಂದು ಬೆಳಗ್ಗೆ ಏಳನೆಯ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಎರಡನೆಯ ಸಾಲಿನ ಹುಡುಗನೊಬ್ಬ 'ಹಾಜರ್ ಸರ್' ಎನ್ನುತ್ತಲೇ ಮೊಣಕೈಯ ಒಳಮಡಿಕೆಯನ್ನು ಪರಪರ ಕೆರೆದುಕೊಳ್ಳುತ್ತಿದ್ದ. ಅಂಗಿಯ ತೋಳಿನ ಮೇಲೆ ರಕ್ತದ ಸಣ್ಣ ಕಲೆ. ಪಕ್ಕದವನು ಬೆಂಚಿನ ತುದಿಗೆ ಸರಿದು ಕುಳಿತು, 'ಸರ್, ಇವನಿಗೆ ಕಜ್ಜಿ ಆಗೈತ್ರಿ, ನಮಗೂ ಹತ್ತತೈತಿ' ಎಂದ. ನಾನು ಹಿಂದೆ ಮುಂದೆ ನೋಡದೆ, 'ತಮ್ಮಾ, ಕಡಿಮೆ ಆಗೋತನಕ ನೀ ಹಿಂದಿನ ಬೆಂಚಿನಾಗ ಒಬ್ಬನೇ ಕೂಡು' ಎಂದುಬಿಟ್ಟೆ. ಹುಡುಗ ಚೀಲ ಎತ್ತಿಕೊಂಡು ಸದ್ದಿಲ್ಲದೆ ಹಿಂದಕ್ಕೆ ಹೋದ. ಮರುದಿನದಿಂದ ಶಾಲೆಗೆ ಬರಲಿಲ್ಲ.

ಹತ್ತು ದಿನ ಕಳೆದ ಮೇಲೆ ಅವನ ಮನೆಗೆ ಹೋದೆ. ಯರಗೇರಾದ ಸುತ್ತಮುತ್ತ ಹತ್ತಿ ಬಿಡಿಸುವ ಕಾಲ. ಮನೆಯ ಪಡಸಾಲೆಯಲ್ಲಿ ಹತ್ತಿಯ ಅಂಡಿಗೆಗಳ ನಡುವೆ ಹುಡುಗ ಕುಳಿತಿದ್ದ. ಎರಡೂ ಕೈಗಳಿಗೆ ಹಳೆಯ ಧೋತರದ ಅರಿವೆ ಸುತ್ತಿದ್ದರು. ತಂದೆ ಹೇಳಿದ ಮಾತು ಇದು: 'ಯಾರು ಏನ್ ಹೇಳಿದ್ರೂ ಹಚ್ಚೀವ್ರಿ ಸರ. ಬೇವಿನ ತಪ್ಪಲ ಅರದು ಹಚ್ಚಿದಿವಿ. ಎಕ್ಕಿ ಹಾಲು ಹಚ್ಚಿದಿವಿ. ಹೋದ ವಾರ ಬಳ್ಳೊಳ್ಳಿ ಜಜ್ಜಿ ಕಟ್ಟಿದಿವಿ, ಮುಂಜಾನೆ ಬಿಚ್ಚಿದ್ರ ಸುಟ್ಟಂಗ ಆಗಿತ್ತು. ಗಾಂವಟಿ ಔಷಧ, ಏನೂ ಆಗಂಗಿಲ್ಲ ಅಂದಿದ್ರು.'

ಬೆಳ್ಳುಳ್ಳಿಯಿಂದ ಎದ್ದ ಬೊಬ್ಬೆಗಳು ಒಡೆದಿದ್ದವು. ಮೂಲ ತೊಂದರೆ ಕಜ್ಜಿಯಲ್ಲ, ಇಸುಬು ಎಂದು ಆಮೇಲೆ ವೈದ್ಯರಿಂದ ತಿಳಿಯಿತು. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ! ಆ ತಂದೆ ಮಾಡಿದ ತಪ್ಪೊಂದು, ವಿಜ್ಞಾನ ಓದಿದ ನಾನು ಮಾಡಿದ ತಪ್ಪೊಂದು. ನನ್ನದೇ ದೊಡ್ಡದು. ಆದ್ದರಿಂದ ಈ ವಾರ ಇಸುಬಿನ ಬಗ್ಗೆ, ಅದರ ತುರಿಕೆಯನ್ನು ಮನೆಯಲ್ಲೇ ತಣಿಸಲು ಏನು ಮಾಡಬಹುದು, ಏನು ಮಾಡಲೇಬಾರದು ಎಂಬುದರ ಬಗ್ಗೆ ಬರೆಯುತ್ತಿದ್ದೇನೆ.

ಬಿರಿದ ಎರೆ ಹೊಲ

ನಮ್ಮ ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳಿಂದ ಆದದ್ದು. ಇಂಥ ಹದಿನೈದು ಇಪ್ಪತ್ತು ಪದರಗಳು ಒಂದರ ಮೇಲೊಂದು ಕುಳಿತಿವೆ. ಕೋಶಗಳನ್ನು ಕಲ್ಲುಗಳೆಂದು ಭಾವಿಸಿದರೆ, ಅವುಗಳ ನಡುವೆ ತುಂಬಿರುವ ಕೊಬ್ಬಿನ ಅಂಶವೇ ಗಾರೆ. ಈ ಗೋಡೆ ಎರಡು ಕೆಲಸ ಮಾಡುತ್ತದೆ. ಒಳಗಿನ ನೀರು ಹೊರಗೆ ಆವಿಯಾಗಿ ಹೋಗದಂತೆ ತಡೆಯುವುದು ಒಂದು. ಹೊರಗಿನ ಧೂಳು, ಸೋಪು, ರೋಗಾಣು ಒಳಗೆ ನುಗ್ಗದಂತೆ ಕಾಯುವುದು ಇನ್ನೊಂದು.

ಕೆಲವರಿಗೆ ಹುಟ್ಟಿನಿಂದಲೇ ಈ ಗೋಡೆ ಸ್ವಲ್ಪ ಸಡಿಲ. ಚರ್ಮದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಇದೆ. ಹೊರಪದರವನ್ನು ಗಟ್ಟಿಯಾಗಿ ಹೆಣೆಯುವುದು, ಆಮೇಲೆ ತಾನೇ ಒಡೆದು ತೇವ ಹಿಡಿದಿಡುವ ವಸ್ತುಗಳಾಗುವುದು ಅದರ ಕೆಲಸ. ಈ ಪ್ರೋಟೀನಿನ ಜೀನಿನಲ್ಲಿ ದೋಷವಿರುವವರಿಗೆ ಇಸುಬು ಬರುವ ಸಂಭವ ಬಹಳ ಹೆಚ್ಚು ಎಂಬುದನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ಮತ್ತು ಐರ್ಲೆಂಡಿನ ಡಬ್ಲಿನ್ ನಗರಗಳ ಸಂಶೋಧಕರು ತೋರಿಸಿಕೊಟ್ಟರು. ಒಂದೇ ಮನೆಯಲ್ಲಿ ಒಬ್ಬರಿಗೆ ಇಸುಬು, ಇನ್ನೊಬ್ಬರಿಗೆ ದಮ್ಮು, ಮತ್ತೊಬ್ಬರಿಗೆ ಬೆಳಗಾದರೆ ಸಾಲು ಸೀನು ಇರುವುದನ್ನು ನೀವು ನೋಡಿರಬಹುದು. ಇವು ಒಂದೇ ಬಳ್ಳಿಯ ಕಾಯಿಗಳು. ಬಾಲ್ಯದಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯ ಇಸುಬಿಗೆ 'ಅಟಾಪಿಕ್ ಡರ್ಮಟೈಟಿಸ್' ಎಂಬ ಹೆಸರನ್ನು 1933ರಲ್ಲಿ ಅಮೆರಿಕದ ವೈದ್ಯರಾದ ವೈಸ್ ಮತ್ತು ಸಲ್ಜ್‌ಬರ್ಗರ್ ಕೊಟ್ಟರು.

ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ನಾನು ಎರೆ ಹೊಲದ ಉದಾಹರಣೆ ಕೊಡುತ್ತೇನೆ. ಮಳೆ ನಿಂತು ಬಿಸಿಲು ಬಿದ್ದರೆ ಎರೆ ಭೂಮಿ ಒಣಗಿ ಬಾಯಿ ಬಿಡುತ್ತದೆ. ಬಿರುಕು ಬಿದ್ದಷ್ಟೂ ಒಳಗಿನ ಹಸಿ ಇನ್ನೂ ಬೇಗ ಆರುತ್ತದೆ. ಆರಿದಷ್ಟೂ ಬಿರುಕು ಇನ್ನೂ ಅಗಲವಾಗುತ್ತದೆ. ಇಸುಬಿನ ಚರ್ಮವೂ ಹೀಗೆಯೇ. ಒಣಗುತ್ತದೆ, ಬಿರಿಯುತ್ತದೆ, ತುರಿಸುತ್ತದೆ. ತುರಿಸಿದಾಗ ಕೆರೆಯುತ್ತೇವೆ, ಕೆರೆದಾಗ ಗೋಡೆ ಇನ್ನಷ್ಟು ಒಡೆಯುತ್ತದೆ, ಒಡೆದಲ್ಲಿ ಉರಿಯೂತವಾಗಿ ಮತ್ತೆ ತುರಿಕೆ. ಈ ಗಾಣದ ಸುತ್ತು ಎಲ್ಲಿಯಾದರೂ ಒಂದು ಕಡೆ ಕಡಿಯಬೇಕು. ರೈತ ಏನು ಮಾಡುತ್ತಾನೆ? ಎಡೆಕುಂಟೆ ಹೊಡೆದು, ಬಿರುಕು ಮುಚ್ಚಿ, ಮೇಲೆ ಸಡಿಲ ಮಣ್ಣಿನ ಹೊದಿಕೆ ಮಾಡುತ್ತಾನೆ. ಒಳಗಿನ ಹಸಿ ಉಳಿಯುತ್ತದೆ. ಇಸುಬಿಗೆ ಮನೆಯಲ್ಲಿ ಮಾಡಬಹುದಾದ ಆರೈಕೆಯ ಗುಟ್ಟು ಇಷ್ಟೇ. ಬಿರುಕು ಮುಚ್ಚುವುದು, ಹಸಿ ಉಳಿಸುವುದು. ಮಿಕ್ಕಿದ್ದೆಲ್ಲ ಇದರ ವಿವರ.

ಅರಿಸಿನ ಹೇಳುವ ಸತ್ಯ

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಬಿಳಿ ಬಟ್ಟೆಯ ತುಂಡಿಗೆ ಅರಿಸಿನ ನೀರು ಹಚ್ಚಿ ಒಣಗಿಸಿ. ಅದರ ಮೇಲೆ ಸೋಪಿನ ನೊರೆ ತಿಕ್ಕಿ. ಹಳದಿ ಕಲೆ ಕೆಂಪಾಗುತ್ತದೆ. ಲಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅರಿಸಿನವು ಕ್ಷಾರ ಕಂಡರೆ ಕೆಂಪಾಗುವ ಸೂಚಕ. ಅಂದರೆ ಸೋಪು ಕ್ಷಾರೀಯ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10ರವರೆಗೆ ಇರುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಕೊಂಚ ಆಮ್ಲೀಯ, ಸುಮಾರು 5. ಸೋಪು ಬಿದ್ದಾಗಲೆಲ್ಲ ಈ ಸಮತೋಲ ಕೆಡುತ್ತದೆ. ಜೊತೆಗೆ ಗಾರೆಯಂತಿರುವ ಕೊಬ್ಬೂ ತೊಳೆದುಹೋಗುತ್ತದೆ. ಗಟ್ಟಿ ಚರ್ಮದವರು ಇದನ್ನು ಕೆಲವು ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತಾರೆ. ಇಸುಬಿನ ಮಗುವಿಗೆ ಅದು ಕಷ್ಟ.

ಇನ್ನೊಂದು ಪ್ರಯೋಗ. ಒಂದು ಬಾಟಲಿಯಲ್ಲಿ ಮಳೆ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು ತೆಗೆದುಕೊಂಡು ಒಂದೇ ಅಳತೆಯ ಸೋಪಿನ ಚೂರು ಹಾಕಿ ಕುಲುಕಿ. ಮಳೆ ನೀರಿನಲ್ಲಿ ನೊರೆ ಉಕ್ಕುತ್ತದೆ. ಗಡಸು ನೀರಿನಲ್ಲಿ ನೊರೆಯ ಬದಲು ಬಿಳಿ ಕೆನೆಯಂಥ ಗಸಿ ಏಳುತ್ತದೆ. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಸೋಪು ತಿಕ್ಕುತ್ತೇವೆ. ಗಸಿ ಮೈಮೇಲೆ ಉಳಿಯುತ್ತದೆ. ಹಾಗೆಂದು ನೀರು ಮೆದು ಮಾಡುವ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಇಸುಬು ಇದ್ದ 336 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಗೆ ಯಂತ್ರ ಹಾಕಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದ್ದರಿಂದ ನೀರನ್ನು ಬದಲಿಸುವುದಕ್ಕಿಂತ ಸೋಪು ಕಡಿಮೆ ಮಾಡುವುದು ಜಾಣತನ. ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಮೆದು ಸೋಪು ಸಾಕು. ಇಸುಬು ಇರುವ ಜಾಗಕ್ಕೆ ಬರಿ ನೀರು.

ನೀರು, ಎಣ್ಣೆ, ಹತ್ತಿ ಬಟ್ಟೆ

ಈಗ ತುರಿಕೆ ತಣಿಸುವ ಕ್ರಮ. ಇದಕ್ಕೆ ಹಿಮಾಲಯದ ಗಿಡಮೂಲಿಕೆ ಬೇಡ. ಮನೆಯಲ್ಲಿರುವ ವಸ್ತುಗಳೇ ಸಾಕು.

ದಿನಕ್ಕೊಮ್ಮೆ ಐದರಿಂದ ಹತ್ತು ನಿಮಿಷದ ಸ್ನಾನ. ನೀರು ಉಗುರು ಬೆಚ್ಚಗಿರಬೇಕು, ಅಷ್ಟೇ. ಕುದಿಯುವ ನೀರು ಹೊಯ್ದುಕೊಂಡರೆ ತುರಿಕೆ ಆ ಗಳಿಗೆಗೆ ಹಿತವೆನಿಸುತ್ತದೆ ನಿಜ. ಅರ್ಧ ಗಂಟೆಯಲ್ಲಿ ಇಮ್ಮಡಿಯಾಗಿ ಮರಳುತ್ತದೆ. ಮೈ ಉಜ್ಜುವ ಕಲ್ಲು, ಹೀರೇಕಾಯಿ ನಾರು ದೂರವಿರಲಿ. ಸ್ನಾನವಾದ ಮೇಲೆ ಟವೆಲಿನಿಂದ ತಿಕ್ಕದೆ, ಒತ್ತಿ ಒರೆಸಬೇಕು. ಮೈಯಲ್ಲಿ ಇನ್ನೂ ಹಸಿ ಇರುವಾಗಲೇ, ಮೂರ್ನಾಲ್ಕು ನಿಮಿಷದೊಳಗೆ, ಎಣ್ಣೆ ಹಚ್ಚಬೇಕು. ಎಡೆ ಹೊಡೆಯುವುದೂ ಹೊಲದಲ್ಲಿ ಹಸಿ ಇರುವಾಗಲೇ ಅಲ್ಲವೇ? ಒಣಗಿದ ಮೇಲೆ ಎಣ್ಣೆ ಹಚ್ಚಿದರೆ ಒಳಗೆ ಉಳಿಸಲು ನೀರೇ ಇರುವುದಿಲ್ಲ.

ಸೌತೆಕಾಯಿಯ ಎರಡು ಸಮನಾದ ಹೋಳು ತೆಗೆದುಕೊಂಡು, ಒಂದಕ್ಕೆ ಸುತ್ತಲೂ ಕೊಬ್ಬರಿ ಎಣ್ಣೆ ಸವರಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಮರುದಿನ ಹೋಲಿಸಿ ನೋಡಿ. ಎಣ್ಣೆ ಏನು ಮಾಡುತ್ತದೆಂದು ಪಾಠ ಹೇಳುವ ಅಗತ್ಯವೇ ಬೀಳುವುದಿಲ್ಲ.

ಯಾವ ಎಣ್ಣೆ? ಶುದ್ಧ ಕೊಬ್ಬರಿ ಎಣ್ಣೆಯ ಪರವಾಗಿ ಒಳ್ಳೆಯ ಸಾಕ್ಷ್ಯವಿದೆ. ಫಿಲಿಪ್ಪೀನ್ಸ್ ದೇಶದ ವೈದ್ಯರು ಸೌಮ್ಯ ಮತ್ತು ಮಧ್ಯಮ ಬಗೆಯ ಇಸುಬು ಇದ್ದ 117 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬರಿಯನ್ನು ಕಾಯಿಸದೆ ತೆಗೆದ ಎಣ್ಣೆ, ಇನ್ನೊಂದಕ್ಕೆ ಖನಿಜ ಎಣ್ಣೆ ಕೊಟ್ಟು ಎಂಟು ವಾರ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೋಗದ ತೀವ್ರತೆಯ ಅಂಕ ಕೊಬ್ಬರಿ ಎಣ್ಣೆಯ ಗುಂಪಿನಲ್ಲಿ ಶೇ. 68ರಷ್ಟು, ಖನಿಜ ಎಣ್ಣೆಯ ಗುಂಪಿನಲ್ಲಿ ಶೇ. 38ರಷ್ಟು ಇಳಿದಿತ್ತು. ಗಮನಿಸಿ: ಇದು ಮಲ್ಲಿಗೆ ವಾಸನೆ ಬೆರೆಸಿದ ತಲೆಯ ಎಣ್ಣೆಯಲ್ಲ. ಸುವಾಸನೆ, ಬಣ್ಣ ಇರುವ ಯಾವ ಎಣ್ಣೆಯೂ ಇಸುಬಿಗೆ ಬೇಡ. ಸೂರ್ಯಕಾಂತಿ ಎಣ್ಣೆಯೂ ಚರ್ಮದ ಗೋಡೆಯನ್ನು ಕೆಡಿಸದೆ ತೇವ ಹೆಚ್ಚಿಸುತ್ತದೆಂದು ಕಂಡುಬಂದಿದೆ. ಪೇಟೆಯವರು ದುಬಾರಿ ಬೆಲೆ ಕೊಟ್ಟು ತರುವ ಆಲಿವ್ ಎಣ್ಣೆ ಮಾತ್ರ ಅದೇ ಪರೀಕ್ಷೆಯಲ್ಲಿ ಗೋಡೆಯನ್ನು ದುರ್ಬಲಗೊಳಿಸಿತು. ಎಣ್ಣೆಯ ಜಿಡ್ಡು ಒಗ್ಗದವರಿಗೆ ಬಣ್ಣ ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಉತ್ತಮ. ಅದು ಹಿತ್ತಲಿನದಲ್ಲ, ಆದರೂ ಅಗ್ಗ ಮತ್ತು ನಿರುಪದ್ರವಿ.

ತುರಿಕೆ ಕೆರಳಿದಾಗ ತಣ್ಣೀರಿನ ಪಟ್ಟಿಯೇ ಮೊದಲ ಮದ್ದು. ತೊಳೆದ ಮೆತ್ತನೆಯ ಹತ್ತಿ ಬಟ್ಟೆಯನ್ನು ಗಡಿಗೆಯ ನೀರಿನಲ್ಲಿ ಅದ್ದಿ ಹಿಂಡಿ, ತುರಿಸುವ ಜಾಗದ ಮೇಲೆ ಹತ್ತು ಹದಿನೈದು ನಿಮಿಷ ಇಡಿ. ತೆಗೆದ ಕೂಡಲೇ ಎಣ್ಣೆ ಸವರಿ. ತಂಪು ತಗುಲಿದಾಗ ತುರಿಕೆಯ ಸಂದೇಶ ಒಯ್ಯುವ ನರಗಳು ಸುಮ್ಮನಾಗುತ್ತವೆ. ರಾತ್ರಿ ಎರಡು ಗಂಟೆಗೆ ಮಗು ಎದ್ದು ಕೆರೆದುಕೊಳ್ಳುತ್ತಿದ್ದರೆ 'ಕೆರೀಬ್ಯಾಡ' ಎಂದು ಗದರಿಸಿ ಫಲವಿಲ್ಲ. ತುರಿಕೆ ಹಟವಲ್ಲ. ಗದರಿಕೆಯ ಬದಲು ತಣ್ಣೀರ ಪಟ್ಟಿ ಇಡಿ. ಉಗುರನ್ನು ವಾರಕ್ಕೆರಡು ಬಾರಿ ಕತ್ತರಿಸಿ. ಮಲಗುವಾಗ ಸಡಿಲ ಹತ್ತಿ ಅಂಗಿ ಹಾಕಿ. ಉಣ್ಣೆಯ ಸ್ವೆಟರು ನೇರವಾಗಿ ಮೈಗೆ ತಾಗದಂತೆ ಒಳಗೆ ಹತ್ತಿ ಅಂಗಿ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆವರೇ ಶತ್ರು. ಬೆವರಿದಾಗ ಬರಿ ನೀರಿನಿಂದ ತೊಳೆದುಕೊಳ್ಳಬೇಕು. ಹತ್ತಿ ಬಿಡಿಸುವಾಗ ಒಣಗಿದ ಕಾಯಿ ಸಿಪ್ಪೆ, ಎಲೆಗಳು ಮುಂಗೈಯನ್ನು ಗೀರುತ್ತವೆ. ಇಸುಬು ಇರುವ ಮಗುವನ್ನು ಆ ಕೆಲಸಕ್ಕೆ ಹಚ್ಚಲೇಬಾರದು. ಶಾಲೆಯ ಹೊತ್ತಿನಲ್ಲಂತೂ ಯಾವ ಮಗುವನ್ನೂ ಹಚ್ಚಬಾರದು, ಆ ಮಾತು ಬೇರೆ.

ಬೇವು, ಅರಿಸಿನ, ಲೋಳೆಸರ

'ಹಾಗಾದರೆ ಬೇವು ಬೇಡವೇ?' ಎಂದು ಹಿರಿಯರು ಕೇಳುತ್ತಾರೆ. ಬೇವಿನಲ್ಲಿ ರೋಗಾಣುಗಳನ್ನು ಹತ್ತಿಕ್ಕುವ ಗುಣ ಇರುವುದನ್ನು ಪ್ರಯೋಗಾಲಯಗಳು ಒಪ್ಪಿವೆ. ಆದರೆ ಗಾಜಿನ ತಟ್ಟೆಯಲ್ಲಿ ರೋಗಾಣು ಸಾಯುವುದು ಬೇರೆ, ಒಡೆದ ಚರ್ಮ ವಾಸಿಯಾಗುವುದು ಬೇರೆ. ಬೇವಿನ ಎಲೆ ಕುದಿಸಿ, ಸೋಸಿ, ಆರಿಸಿದ ನೀರಿನಿಂದ ಸ್ನಾನ ಮಾಡಿಸುವ ರೂಢಿ ಇದ್ದರೆ, ಉರಿ ಆಗದಿದ್ದರೆ, ಮುಂದುವರಿಸಲು ಅಡ್ಡಿಯಿಲ್ಲ. ಅದರಿಂದಲೇ ಇಸುಬು ಹೋಗುತ್ತದೆಂದು ನೆಚ್ಚಿ ಕೂರಬೇಡಿ. ಎಲೆಯನ್ನು ಅರೆದು ಒಡೆದ ಚರ್ಮಕ್ಕೆ ಮೆತ್ತುವುದು ಬೇಡ. ಅರೆದ ಕಲ್ಲಿನ ಕೊಳೆಯೂ ಅದರೊಡನೆ ಬರುತ್ತದೆ. ಬೇವಿನ ಎಣ್ಣೆಯನ್ನಂತೂ ಮಕ್ಕಳಿಗೆ ಕುಡಿಸಲೇಬಾರದು. ಕುಡಿಸಿದ್ದರಿಂದ ಹಸುಗೂಸುಗಳು ಫಿಟ್ಸ್ ಬಂದು ಪ್ರಾಣಾಪಾಯಕ್ಕೆ ಸಿಲುಕಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಲೋಳೆಸರದ ತಿಳಿ ಲೋಳೆ ತಂಪು ಕೊಡುತ್ತದೆ. ಆದರೆ ಎಲೆ ಕೊಯ್ದಾಗ ಸಿಪ್ಪೆಯ ಕೆಳಗಿನಿಂದ ಒಸರುವ ಹಳದಿ ರಸ ಚರ್ಮವನ್ನು ಕೆರಳಿಸಬಲ್ಲದು. ಅದನ್ನು ಪೂರ್ತಿ ತೊಳೆದು ಬಳಸಬೇಕು. ಅರಿಸಿನದ ಸತ್ತ್ವವಾದ ಕುರ್ಕುಮಿನ್ ಉರಿಯೂತ ತಗ್ಗಿಸುತ್ತದೆಂದು ಬಹಳ ಸಂಶೋಧನೆ ನಡೆದಿದೆ; ಆದರೂ ಅರಿಸಿನವೇ ಒಗ್ಗದೆ ಚರ್ಮ ಕೆಂಪಾಗುವವರೂ ಇದ್ದಾರೆ. ಯಾವುದೇ ಹೊಸ ವಸ್ತುವನ್ನು ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ, ಇಸುಬು ಇಲ್ಲದ ಕಡೆ, ನಾಲ್ಕಾಣೆ ಬಿಲ್ಲೆಯಷ್ಟು ಜಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮಗಲ್ಲ.

ತಿನ್ನುವ ವಸ್ತುಗಳನ್ನು ಒಡೆದ ಚರ್ಮಕ್ಕೆ ಹಚ್ಚುವುದರಲ್ಲಿ ಇನ್ನೊಂದು ಅಪಾಯವಿದೆ. ಬಾಯಿಯಿಂದ ಹೋದ ಆಹಾರವನ್ನು ದೇಹ ಸಾಮಾನ್ಯವಾಗಿ ತನ್ನದೆಂದು ಒಪ್ಪಿಕೊಳ್ಳುತ್ತದೆ. ಒಡೆದ ಚರ್ಮದ ಮೂಲಕ ನುಸುಳಿದ ಆಹಾರವನ್ನು ಮಾತ್ರ ಕಳ್ಳನಂತೆ ಕಾಣುತ್ತದೆ. ಉರಿಯೂತದ ಚರ್ಮಕ್ಕೆ ಶೇಂಗಾ ಎಣ್ಣೆ ಇದ್ದ ಮುಲಾಮು ಹಚ್ಚಿದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚು ಎಂದು ಇಂಗ್ಲೆಂಡಿನ ಅಧ್ಯಯನವೊಂದು 2003ರಲ್ಲಿ ತೋರಿಸಿತು. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಮುಖದ ಸೋಪೊಂದನ್ನು ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನ ಗೋಧಿ ತಿನ್ನಲಾಗದಂಥ ಅಲರ್ಜಿಗೆ ತುತ್ತಾದರು. ಆದ್ದರಿಂದ ಕಡಲೆಹಿಟ್ಟು, ಹಾಲು, ಮೊಟ್ಟೆ, ಶೇಂಗಾ ಎಣ್ಣೆ ಹೊಟ್ಟೆಗೇ ಇರಲಿ, ಒಡೆದ ಚರ್ಮಕ್ಕೆ ಬೇಡ.

ಹಾಗೆಯೇ 'ನಂಜು' ಎಂದು ಮಗುವಿನ ತಟ್ಟೆಯಿಂದ ಬದನೆಕಾಯಿ, ಮೊಟ್ಟೆ, ಹಾಲು, ಶೇಂಗಾ ಒಂದೊಂದಾಗಿ ತೆಗೆಯುವ ಪದ್ಧತಿ ನಮ್ಮಲ್ಲಿದೆ. ಯಾವುದಾದರೂ ಪದಾರ್ಥ ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು, ತುಟಿ ಊತ, ವಾಂತಿ ಆಗುತ್ತಿದ್ದರೆ ಅದು ಬೇರೆ, ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಬೆಳೆಯುವ ಮಗುವಿಗೆ ಪಥ್ಯದ ಹೆಸರಿನಲ್ಲಿ ಉಪವಾಸ ಬೇಡ.

ಹಸಿರೆಲ್ಲ ಸೌಮ್ಯವಲ್ಲ

'ಗಿಡದ್ದು, ಆದ್ದರಿಂದ ಏನೂ ಆಗುವುದಿಲ್ಲ' ಎಂಬ ಮಾತಿಗೆ ಉತ್ತರ ನಮ್ಮ ಹೊಲದ ಬದುವಿನಲ್ಲೇ ಇದೆ. ಅದು ಕಾಂಗ್ರೆಸ್ ಕಸ, ಪುಸ್ತಕದ ಹೆಸರು ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆಯನ್ನು ನಮ್ಮ ದೇಶದಲ್ಲಿ 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಿದರು. ಅಲ್ಲಿಂದ ಅದು ರಸ್ತೆ, ರೈಲುಹಳಿ, ಕಾಲುವೆಗಳ ಗುಂಟ ದೇಶವನ್ನೆಲ್ಲ ಆವರಿಸಿತು. ಅದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಇಸುಬನ್ನೇ ಹುಟ್ಟಿಸುತ್ತದೆ. ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದರೂ ಸಾಕು. ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳು ದಪ್ಪಗಾಗಿ, ಕಪ್ಪಾಗಿ, ಹಗಲಿರುಳು ತುರಿಸುವ ಈ ರೋಗದಿಂದ ಹೊಲದ ಕೆಲಸವನ್ನೇ ಬಿಡಬೇಕಾಗಿ ಬಂದ ರೈತರಿದ್ದಾರೆ. ಈ ಕಳೆಯನ್ನು ತಿನ್ನುವ ದುಂಬಿಯೊಂದನ್ನು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ತನ್ನ ಕೆಲಸ ಮಾಡುತ್ತಲೇ ಇದೆ, ಕಸವೂ ಬೆಳೆಯುತ್ತಲೇ ಇದೆ.

ಪಾರ್ಥೇನಿಯಂ ಒಗ್ಗದವರಲ್ಲಿ ಕೆಲವರಿಗೆ ಅದೇ ಕುಟುಂಬದ ಸೇವಂತಿಗೆ, ಚೆಂಡುಹೂಗಳೂ ಒಗ್ಗುವುದಿಲ್ಲ. ಅಂಥವರು ಚೆಂಡುಹೂವಿನ ರಸ ಹಚ್ಚಿಕೊಂಡರೆ ಉರಿಗೆ ತುಪ್ಪ ಸುರಿದಂತೆ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರಿನ ರಸ ತಾಗಿದಲ್ಲೆಲ್ಲ ಬೊಬ್ಬೆ ಎಬ್ಬಿಸುತ್ತದೆ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಬೆಳ್ಳುಳ್ಳಿಯ ಕಥೆಯನ್ನು ಆಗಲೇ ಹೇಳಿದೆ. ಇವೆಲ್ಲವೂ ನೂರಕ್ಕೆ ನೂರು ನೈಸರ್ಗಿಕ!

'ಗಿಡಮೂಲಿಕೆ' ಎಂದು ಚೀಟಿ ಅಂಟಿಸಿದ ಡಬ್ಬಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಲಂಡನ್ನಿನ ವೈದ್ಯರು ಇಸುಬಿಗೆಂದು ಮಾರಾಟವಾಗುತ್ತಿದ್ದ 11 ಚೀನೀ ಗಿಡಮೂಲಿಕೆ ಮುಲಾಮುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಇದು 1999ರಲ್ಲಿ ಪ್ರಕಟವಾದ ವರದಿ. ಎರಡೇ ದಿನದಲ್ಲಿ ಮಾಯದಂತೆ ವಾಸಿ ಮಾಡುವ, ಏನೇನು ಬೆರೆಸಿದ್ದಾರೆಂದು ಬರೆಯದ ಡಬ್ಬಿಯ ಬಗ್ಗೆ ಅನುಮಾನವಿರಲಿ.

ಟ್ಯೂಬಿನ ಮಾತು

ಸ್ಟೀರಾಯ್ಡ್ ಎಂದೊಡನೆ ಕೆಲವರು ಬೆಚ್ಚುತ್ತಾರೆ, ಕೆಲವರು ಅದನ್ನೇ ಸ್ನೋ ಪೌಡರಿನಂತೆ ಬಳಸುತ್ತಾರೆ. ಎರಡೂ ತಪ್ಪು. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಚರ್ಮಕ್ಕೆ ಹಚ್ಚಿದರೆ ಇಸುಬು ತಗ್ಗುತ್ತದೆ ಎಂದು 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್ ವರದಿ ಮಾಡಿದರು. ಅಂದಿನಿಂದ ಇಂದಿನವರೆಗೆ ಕೆರಳಿದ ಇಸುಬಿಗೆ ಅದು ಭರವಸೆಯ ಮದ್ದು. ವೈದ್ಯರು ಬರೆದುಕೊಟ್ಟ ಶಕ್ತಿಯದ್ದನ್ನು, ಹೇಳಿದಷ್ಟು ದಿನ ಹಚ್ಚಿದರೆ ಹೆದರಬೇಕಿಲ್ಲ. ಅಳತೆಗೆ ಒಂದು ಸುಲಭ ಲೆಕ್ಕವಿದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಗಳಷ್ಟು, ಬೆರಳೂ ಸೇರಿ, ಜಾಗಕ್ಕೆ ಸಾಕು.

ಅಪಾಯ ಬೇರೆ ಕಡೆ ಇದೆ. ನಮ್ಮ ಊರುಗಳಲ್ಲಿ ತುರಿಕೆ ಎಂದರೆ ಅಂಗಡಿಗೆ ಹೋಗಿ, ಸ್ಟೀರಾಯ್ಡ್ ಜೊತೆ ಇನ್ನೆರಡು ಔಷಧ ಬೆರೆಸಿದ ಟ್ಯೂಬು ತರುವುದು ವಾಡಿಕೆ. ತುರಿಕೆ ಗಜಕರ್ಣದ್ದಾಗಿದ್ದರೆ ಸ್ಟೀರಾಯ್ಡ್ ಅದಕ್ಕೆ ಗೊಬ್ಬರ ಹಾಕಿದಂತೆ. ಮೊದಲು ತಗ್ಗಿದಂತೆ ಕಾಣಿಸಿ, ಆಮೇಲೆ ಮೈತುಂಬ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ. ಈ ದುರ್ಬಳಕೆ ಮಿತಿಮೀರಿದ್ದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಆದ್ದರಿಂದ ಮೊದಲು ರೋಗ ಗುರುತಿಸಬೇಕು. ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ, ಕತ್ತಿನಲ್ಲಿ ಒಣಗಿ ಬಿರಿದು, ವರ್ಷದಿಂದ ವರ್ಷಕ್ಕೆ ಬಂದು ಹೋಗುತ್ತಿದ್ದರೆ ಇಸುಬಿನ ಲಕ್ಷಣ. ಅಂಚು ಕೆಂಪಗೆ ಉಬ್ಬಿ, ನಡುವೆ ತಿಳಿಯಾದ ಉಂಗುರದಂತಿದ್ದರೆ ಗಜಕರ್ಣ ಇರಬಹುದು. ಬೆರಳ ಸಂದಿಗಳಲ್ಲಿ ಗುಳ್ಳೆ, ರಾತ್ರಿ ವಿಪರೀತ ತುರಿಕೆ, ಮನೆಯ ನಾಲ್ಕಾರು ಜನರಿಗೆ ಒಟ್ಟಿಗೇ ಬಂದಿದ್ದರೆ ಕಜ್ಜಿ. ಕಜ್ಜಿ, ಗಜಕರ್ಣ ಅಂಟುತ್ತವೆ, ಅವಕ್ಕೆ ಬೇರೆ ಔಷಧವಿದೆ. ನಿಮ್ಮ ಊಹೆಯೇ ಕೊನೆಯ ಮಾತಾಗದಿರಲಿ. ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಅಗತ್ಯ ಬಿದ್ದರೆ ಅವರೇ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕಳಿಸುತ್ತಾರೆ.

ತಡಮಾಡಬಾರದ ಸೂಚನೆಗಳು ಇವು: ಇಸುಬಿನಿಂದ ಹಳದಿ ರಸಿಗೆ ಒಸರಿ ಜೇನಿನ ಬಣ್ಣದ ಹಕ್ಕಳೆ ಕಟ್ಟುವುದು, ಸುತ್ತ ಬಿಸಿಯಾಗಿ ಊದಿಕೊಳ್ಳುವುದು, ಜ್ವರ ಬರುವುದು. ಜ್ವರದ ಜೊತೆ ಒಂದೇ ಆಕಾರದ ನೋವಿನ ಸಣ್ಣ ಗುಳ್ಳೆಗಳು ಒಮ್ಮೆಲೇ ಎದ್ದರೆ, ಅದೂ ಕಣ್ಣಿನ ಹತ್ತಿರ ಎದ್ದರೆ, ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಬ್ಬರಿ ಎಣ್ಣೆಯ ಕೆಲಸವಿಲ್ಲ.

ಬೆಂಚಿನ ಮಾತು

ಇಸುಬು ಒಮ್ಮೆಗೇ ಬುಡಸಮೇತ ಹೋಗುವುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅನೇಕ ಮಕ್ಕಳಲ್ಲಿ ದೊಡ್ಡವರಾಗುತ್ತ ತಾನಾಗಿ ತಗ್ಗುತ್ತದೆ. ಕೆಲವರಲ್ಲಿ ಉಳಿಯುತ್ತದೆ. ಅಲ್ಲಿಯವರೆಗೆ ದಿನವೂ ಎಡೆ ಹೊಡೆಯುತ್ತಿರಬೇಕು. ತುರಿಕೆ ಇಲ್ಲದ ದಿನವೂ ಎಣ್ಣೆ ತಪ್ಪಿಸಬಾರದು ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಆ ಹುಡುಗನನ್ನು ವೈದ್ಯರಿಗೆ ತೋರಿಸಿದರು. ಬೊಬ್ಬೆ ಮಾಯಲು ಎರಡು ವಾರ ಹಿಡಿಯಿತು. ಅವನು ಶಾಲೆಗೆ ಮರಳಿದ ದಿನ ನಾನು ಪಾಠ ಮಾಡಲಿಲ್ಲ. ಅರಿಸಿನದ ಬಟ್ಟೆ, ಸೋಪು, ಸೌತೆಕಾಯಿ ಹೋಳು ಮುಂದಿಟ್ಟುಕೊಂಡು ಚರ್ಮದ ಕಥೆ ಹೇಳಿದೆ. ಕೊನೆಗೆ, 'ಅವತ್ತು ನಾನು ಇವನನ್ನು ಹಿಂದೆ ಕೂಡಿಸಿದ್ದು ತಪ್ಪು. ಇದು ಹತ್ತುವ ರೋಗ ಅಲ್ಲ' ಎಂದೆ. ತರಗತಿ ಒಂದು ಗಳಿಗೆ ಸುಮ್ಮನಿತ್ತು. ಮಾಸ್ತರರು ತಪ್ಪು ಒಪ್ಪಿಕೊಳ್ಳುವುದನ್ನು ಮಕ್ಕಳು ದಿನಾ ಕೇಳುವುದಿಲ್ಲವಲ್ಲ. ಆಮೇಲೆ, ಮೊದಲ ದಿನ ದೂರ ಸರಿದಿದ್ದ ಹುಡುಗನೇ ಬೆಂಚಿನ ತುದಿಯಿಂದ ಒಳಗೆ ಸರಿದು ಜಾಗ ಮಾಡಿದ.

ಪಾಲಕರಲ್ಲಿ, ನನ್ನಂಥ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ನಿಮ್ಮ ತರಗತಿಯಲ್ಲಿ ಯಾವ ಮಗುವಾದರೂ ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಂಡು ಕೈ ಮುಚ್ಚಿಕೊಳ್ಳುತ್ತಿದ್ದರೆ, ಬೈಯದೆ, ಎಲ್ಲರೆದುರು ಕೇಳದೆ, ಹತ್ತಿರ ಕರೆದು ತೋಳು ಮೇಲೆತ್ತಿ ನೋಡಿ. ನಮ್ಮ ಹುಡುಗ ಈಗ ಎರಡನೆಯ ಸಾಲಿನಲ್ಲೇ ಇದ್ದಾನೆ. ಅವನ ಚೀಲದಲ್ಲಿ ಪುಸ್ತಕಗಳ ಪಕ್ಕ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ಇರುತ್ತದೆ. ಮುಚ್ಚಳ ಸಡಿಲಾಗಿ ವಿಜ್ಞಾನದ ನೋಟುಬುಕ್ಕಿಗೆ ಒಮ್ಮೆ ಎಣ್ಣೆ ಇಳಿದಿತ್ತು. ನಾನು ಏನೂ ಅನ್ನದೆ ಸಹಿ ಹಾಕಿ ಕೊಟ್ಟೆ.